ಹಿಂದಿನ ಸೀಟಿನ ಜಾಗ

ಕಾರು ಕಾರ್ಖಾನೆಯ ಊಟದ ಸಾಲಿನಲ್ಲಿ, ಸೀಟಿಗೆ ಬಟ್ಟೆ ಹೊಲಿಯುವ ವೆರಿಂಕಾಳ ಮುಂದೆ ನಿಂತಿದ್ದವರು ರಾಡೊಯ್ಕಾ ಮತ್ತು ಸ್ತೊಯಾನ್. ಇಬ್ಬರೂ ಕಾರಿನ ಹಿಂಬದಿಗೆ ಇಂಜಿನ್ ಕೂರಿಸುವ ವಿಭಾಗದ ಹಳಬರು. ಹೊಸ ಮಾದರಿ ಬೇಕೋ ಬೇಡವೋ ಎಂದು ಅಂದು ಮಧ್ಯಾಹ್ನ ಕಾರ್ಮಿಕರ ಸಭೆ ಕೈಯೆತ್ತಿ ಹೇಳಬೇಕಿತ್ತು.

"ಇಂಜಿನ್ ಮುಂದಕ್ಕೆ ಹೋಗ್ತದಂತೆ ರಾಡೊಯ್ಕಕ್ಕ, ಅದೂ ಅಡ್ಡಡ್ಡ. ಹಿಂದಿನ ಸೀಟಲ್ಲಿ ಮೂರು ಜನ ಆರಾಮಾಗಿ ಕೂರಬಹುದು ಅಂತಾನೆ ಬೆಲ್‌ಗ್ರೇಡ್ ಇಂಜಿನಿಯರು."

"ಒಳ್ಳೇದೇ. ಈಗಿನದ್ರಲ್ಲಿ ನಿನ್ ಹೆಂಡ್ತಿ ಮಂಡಿ ಗಲ್ಲಕ್ಕೆ ತಾಗ್ತದೆ."

"ಬೆನ್ನಿಗೆ ಬಿಸಿ ಬೇರೆ ಅಂತ ಬೈತಾಳೆ."

"ಇಂಜಿನ್ ಜೊತೆ ಗೇರ್‌ಬಾಕ್ಸೂ ಮುಂದಕ್ಕೋಯ್ತು. ಹಿಂದೆ ಜೋಡಿಸೋಕೆ ಏನುಳೀತು?"

"ಡಿಕ್ಕಿ ಬಾಗಿಲು."

"ಅದಕ್ಕೆ ನಮ್ಮ ವಿಭಾಗದ ನಲವತ್ತು ಜನ ಬೇಕಾ?"

ಸ್ತೊಯಾನ್ ಖಾಲಿ ತಟ್ಟೆಯನ್ನು ತಿರುಗಿಸುತ್ತ ನಿಂತ.

"ನಮ್ಮನ್ನ ಮುಂಬದಿ ಜೋಡಿಸೋ ವಿಭಾಗಕ್ಕೆ ಹಾಕ್ತಾರೆ ಅಂದ ಸಭೆಯ ಕಾರ್ಯದರ್ಶಿ."

"ಬರೆದು ಕೊಟ್ನಾ?"

"ಇಲ್ಲ. ಭುಜದ ಮೇಲೆ ಕೈಯಿಟ್ಟು ಹೇಳ್ದ."

"ಹದಿನೆಂಟು ವರ್ಷದಲ್ಲಿ ಯಾವತ್ತಾದ್ರೂ ನಿನ್ ಭುಜ ಮುಟ್ಟಿದ್ನಾ ಅವ್ನು?"

ಬೆಳಿಗ್ಗೆ ಅದೇ ಕಾರ್ಯದರ್ಶಿ ವೆರಿಂಕಾಳ ಭುಜದ ಮೇಲೂ ಕೈಯಿಟ್ಟಿದ್ದ. ಅವರ ಮಾತು ಕೇಳಲು ಅವಳು ಒಂದು ಹೆಜ್ಜೆ ಹತ್ತಿರ ಸರಿದಳು.

ತಟ್ಟೆಗೆ ಬೀನ್ಸ್ ಸಾರು ಬಿತ್ತು. ಇಬ್ಬರೂ ಕಿಟಕಿಯ ಕಡೆ ಹೊರಟರು.

"ಹಾಗಾದ್ರೆ ಕೈ ಎತ್ತೋದು ಬೇಡ ಅಂತೀಯಾ?"

"ಮೊದ್ಲು ಎದ್ದುನಿಂತು ಕೇಳೋಣ. ಆ ಮೂರು ಜನಕ್ಕೆ ಜಾಗ ಮಾಡಿದ್ರಲ್ಲ, ಈ ನಲವತ್ತು ಜನ ಎಲ್ಲಿಗೆ ಹೋಗ್ಬೇಕು ಅಂತ."