ಕೌಂಟರಿನ ಮಾನಿಟರಿನಲ್ಲಿ ಮದುಮಗಳು

ಇಲ್ಲ ಜಸೀಲಕ್ಕ, ನಾನಲ್ಲ! ಎಷ್ಟು ಸಲ ಹೇಳುವುದು? ಮೇಜಿನ ಅಡಿಯಿಂದ ಹೇಳಿದರೂ ನಾನಲ್ಲ, ಹೊರಗೆ ಬಂದು ಹೇಳಿದರೂ ನಾನಲ್ಲ... ಅಮ್ಮಾ, ತಲೆ! ಈ ಮೇಜು ಮಾಡಿಸಿದ್ದೇ ನನ್ನ ತಲೆಗೆ ಬಡಿಯಲಿಕ್ಕಾ? ನಗಿ ಸ್ವಲ್ಪ... ಬೇಡ, ಬಿಡಿ.

ನನಗೆ ಬೇಸರ ನಿಮ್ಮ ಮೇಲಲ್ಲ. ಆ ಇಹ್ಸಾನ್ ಮೇಲೆ! ಸ್ಟುಡಿಯೋ ಧಣಿ ಮೂಸಾಕನ ತಂಗಿಯ ಮಗ ಆದರೆ ಆಗಲಿ, ನನಗೆ ದೋಸ್ತಿ ಅಲ್ಲವಾ? ಹತ್ತನೆಯಲ್ಲಿ ಒಂದೇ ಬೆಂಚು, ಒಟ್ಟಿಗೇ ಫೇಲು. ಗಣಿತದಲ್ಲಿ ನನಗೆ ಒಂಬತ್ತು, ನನ್ನದನ್ನು ನೋಡಿ ಬರೆದ ಅವನಿಗೆ ಹನ್ನೊಂದು! ನಾನು ಒಂದು ಮಾತು ಕೇಳಿದೆನಾ? ಅಂಥವನು ನಿನ್ನೆ ಅಷ್ಟು ಜನರ ಎದುರು, "ಮಾನಿಟರಿನ ವಿಷಯ ಜಯೇಶನನ್ನೇ ಕೇಳಿ" ಅಂದುಬಿಟ್ಟ. ಕೈಕೊಟ್ಟ ಮಾರಾಯ್ರೆ, ಚಂದ ಮಾಡಿ ಕೈಕೊಟ್ಟ. ರಾತ್ರಿ ಊಟ ಸೇರಲಿಲ್ಲ ನನಗೆ. ಹೌದು, ನನಗೇ! ಎಂತ ಹಾಗೆ ನೋಡ್ತೀರಿ?

ಗೊತ್ತುಂಟು, ನಿಮ್ಮದು ಅದಕ್ಕಿಂತ ದೊಡ್ಡದು. ಹೆಂಗಸರ ಕಡೆಯ ಫೋಟೋ ಅಂದರೆ ಕನ್ಯಾನದಿಂದ ಮೂಡುಬಿದಿರೆವರೆಗೆ ಎಲ್ಲರೂ ನಿಮ್ಮನ್ನೇ ಕರೆಯುವುದು. ಜಸೀಲ ತೆಗೆದರೆ ಹೊರಗಿನ ಗಂಡಸರ ಕಣ್ಣಿಗೆ ಬೀಳುವುದಿಲ್ಲ ಅಂತ. ಅದಕ್ಕೇ ಅಲ್ಲವಾ ನಿಮ್ಮ ಮಾನಿಟರ್ ಒಳಗೆ ಮೂಲೆಗೆ ಇಟ್ಟದ್ದು? ಕೌಂಟರಿನ ಮಾನಿಟರಿನಲ್ಲಿ ಬರೀ ಜಾಹೀರಾತು... ತೊಟ್ಟಿಲ ಮಗು, ಪಾಸ್‌ಪೋರ್ಟ್ ಫೋಟೋದ ರೇಟು. ಒಂದೇ ಕಂಪ್ಯೂಟರ್, ಎರಡು ಮಾನಿಟರ್, ಆಚೆಯದ್ದು ಈಚೆ ಬರಲಿಕ್ಕಿಲ್ಲ. ಮೊನ್ನೆ ಶನಿವಾರ ಬಂತು! ಮದುಮಗಳು ಫರ್ಹಾನ, ತಲೆಗೆ ಬಟ್ಟೆ ಇಲ್ಲದೆ, ಮದರಂಗಿ ಕೈ ಹಿಡಿದುಕೊಂಡು ನಗ್ತಾ... ಬೆಂಚಿನಲ್ಲಿ ಕೂತವರು ಯಾರು? ಮದುಮಗನ ಸೋದರಮಾವ ಉಸ್ಮಾನ್! ಆಚೆಗೊಬ್ಬ ಬಸ್ಸಿನ ಕಂಡಕ್ಟರ್!

ಶಿರ್ತಾಡಿಯ ಮದುವೆಯವರೂ ನೀವು ಬೇಡ ಅಂದರಾ? ಮುಂದಿನ ಸೋಮವಾರದಿಂದ ಬರುವುದು ಬೇಡ ಅಂತ ಮೂಸಾಕ ನಿಜವಾಗಿ ಹೇಳಿದರಾ? ಛೆ. ಅಳಬೇಡಿ... ಅಳುವುದಿಲ್ಲವಾ? ಸರಿ, ಹಾಗಾದರೆ ಸುಮ್ಮನೆ ನೋಡಬೇಡಿ, ನನಗೆ ಹೆದರಿಕೆ ಆಗ್ತದೆ.

ಇಲ್ಲಿ ಕೇಳಿ. ಇದು ಕೇಬಲಿನದ್ದು. ಹಿಂದೆ ಒಂದು ಪಿನ್ನು ಬಗ್ಗಿದ್ದರೆ ಸಾಕು, ಯಾವ ಮಾನಿಟರ್ ಯಾವುದು ಅಂತ ಅದಕ್ಕೇ ಮಂಡೆ ತಿರುಗ್ತದೆ. ತೆಗೆದೆ... ಎಲ್ಲ ಪಿನ್ನೂ ಸರಿ ಉಂಟು. ಸರಿ ಇದ್ದರೂ ಕೆಲವೊಮ್ಮೆ ಲೂಸಾಗ್ತದೆ. ಹಾಕಿದೆ, ಅಲ್ಲಾಡಿಸಿದೆ. ಕೌಂಟರಿನಲ್ಲಿ ಎಂತ ಬಂತು? ತೊಟ್ಟಿಲ ಮಗುವಾ? ಹಾಂ.

ಹಾಗಾದರೆ ಕರೆಂಟು! ಶನಿವಾರ ಕರೆಂಟು ಹೋಗಿತ್ತು, ಮಧ್ಯದಲ್ಲಿ ಆಫ್ ಆದರೆ ಎಲ್ಲ ಮರೆತುಬಿಡ್ತದೆ. ಇಗೋ, ಪ್ಲಗ್ಗೇ ಎಳೆದೆ. ಈಗ ಆನ್ ಮಾಡುವ. ಈ ಕಂಪ್ಯೂಟರ್ ಎದ್ದೇಳುವಷ್ಟರಲ್ಲಿ ನಮ್ಮ ಅಜ್ಜಿ ಎದ್ದು, ಮುಖ ತೊಳೆದು, ಬಸದಿಗೆ ಹೋಗಿ ಬಂದಾಗ್ತದೆ... ಬಂತು. ಮಗುವೇ. ರೇಟೇ. ಇನ್ನೊಮ್ಮೆ ಮಾಡುವ? ಮಾಡುವ... ಮಗುವೇ. ಈ ಮಗು ಯಾರದ್ದು ಮಾರಾಯ್ರೆ, ಇಷ್ಟು ಹಟ!

ಎಂತ? ಮೌಸ್ ನನಗೆ ಯಾಕೆ? ಹೇಗೆ ಬರ್ತದೆ ಅಂತ ತೋರಿಸಬೇಕಾ? ತೋರಿಸ್ತೇನೆ, ಅದರಲ್ಲೆಂತ. ನೀವೇ ಅಲ್ಲವಾ ಮೌಸ್ ಹಿಡಿಯಲಿಕ್ಕೆ ಕಲಿಸಿದ್ದು, ಫೇಲಾದವ ಅಂತ ಎಲ್ಲರೂ ಓಡಿಸುವಾಗ. ಇಲ್ಲಿ ರೈಟ್ ಕ್ಲಿಕ್, ಸೆಟ್ಟಿಂಗ್ಸ್, ಆಮೇಲೆ ಇದು... ಎರಡರಲ್ಲೂ ಒಂದೇ. ಓಕೆ. ಕಂಡಿತಾ? ನಿಮ್ಮ ಮಾನಿಟರಿನದ್ದೆಲ್ಲ ಕೌಂಟರಿನಲ್ಲಿ. ಒಳಗೆ ಕೂತವರಿಗೆ ಏನೂ ವ್ಯತ್ಯಾಸ ಗೊತ್ತಾಗಲಿಕ್ಕಿಲ್ಲ, ಪಾಪ...

ಆ ಸಣ್ಣ ಡಬ್ಬಿಯಾ? ಅದು ಸುಮ್ಮನೆ. ಹೀಗೇ ಇರಲಾ ಅಂತ ಕೇಳ್ತದೆ. ಹದಿನೈದು ಸೆಕೆಂಡು ಕಾಯ್ತದೆ. ಮೌಸ್ ಕೊಡಿ, ಮುಚ್ತೇನೆ. ಕೊಡಿ ಜಸೀಲಕ್ಕ. ಯಾಕೆ ಆಚೆ ಇಟ್ಟಿರಿ? ಒಂಬತ್ತು, ಎಂಟು... ಏನಾದರೂ ಮಾತಾಡಿ. ನಾಲ್ಕು... ಮೂರು...

ಹೋಯಿತು.

ತಾನೇ ಹಿಂದೆ ಹೋಯಿತು. ಮಗು ಬಂತು. ಯಾರೂ 'ಯೆಸ್' ಒತ್ತದಿದ್ದರೆ... ಹಾಗೇ.

...

ಶನಿವಾರ ಇಹ್ಸಾನ್ ಇಲ್ಲೇ ಬಾಗಿಲಲ್ಲಿ ನಿಂತಿದ್ದ. ಕಣ್ಣಾರೆ ನೋಡಿದ್ದ. ಆದರೂ "ಜಯೇಶ ಮಾಡಿದ" ಅಂತ ಹೇಳಲಿಲ್ಲ ಅವನು. "ಜಯೇಶನನ್ನು ಕೇಳಿ" ಅಂದ, ಅಷ್ಟೇ.

ನೀವು ಪ್ರಿಂಟ್ ತರಲಿಕ್ಕೆ ಕೆಳಗೆ ಹೋಗಿದ್ದಿರಿ. ನಾನು ಅವನ ಫೋಟೋಕ್ಕೆ ಕತ್ತೆ ಕಿವಿ ಅಂಟಿಸಿದ್ದೆ. ಬೆಂಚಿನವರು ಅದನ್ನು ಕೌಂಟರಿನಲ್ಲಿ ನೋಡಿ ಒಮ್ಮೆ ನಗಬೇಕು ಅಂತ. ನೀವು ಬಂದು ಕೂತು ಫರ್ಹಾನಳ ಆಲ್ಬಂ ತೆರೆಯುತ್ತೀರಿ ಅಂತ ನನ್ನ ಮಂಡೆಗೆ ಹೋಗಲೇ ಇಲ್ಲ, ನಮ್ಮ ಅನಂತಮತಿ ಅಜ್ಜಿಯ ಆಣೆ...

ಬೈಯಿರಿ ಜಸೀಲಕ್ಕ. ಒಂದು ಸಲ ಬೈಯಿರಿ.

ನಗಲಿಕ್ಕೆ ಹದಿನೈದು ಸೆಕೆಂಡು ಸಾಲುವುದಿಲ್ಲ ಅಂತ... 'ಯೆಸ್' ಒತ್ತಿ ಓಡಿದ್ದು ನಾನೇ.