ಆಲ್ಬಮ್ಮಿನ ಕೊನೆಯ ಹಾಡು

ಮತ್ತಿಕೆರೆ ಬಸ್ ಸ್ಟಾಪಿನ ಬೆಂಚಿನಲ್ಲಿ ಇಬ್ಬರು ಕಾಲೇಜು ಹುಡುಗಿಯರ ನಡುವೆ ಜಾಗ ಖಾಲಿಯಿತ್ತು. ಪಾರವ್ವ ಅಲ್ಲಿ ಕೂತಳು. ಅವರು ಅವಳ ಆಚೀಚೆಯಿಂದಲೇ ಯಾರೋ ಗಾಯಕಿಯ ಹೊಸ ಆಲ್ಬಮ್ಮಿನ ಬಗ್ಗೆ ಮಾತಾಡುತ್ತಿದ್ದರು.

"ಎಲ್ಲಾ ಅವಳ ಡಿವೋರ್ಸ್ ಬಗ್ಗೆನೇ ಅಲ್ವಾ, ರಕ್ಷಾ?"

"ಕೊನೇ ಹಾಡು ಮಾತ್ರ ಅವಳ ಫ್ರೆಂಡ್ ಬಗ್ಗೆ ಕಣೇ ನಯನಾ."

"ಜಗಳ ಆಡಿದ್ರಾ?"

"ಇಲ್ಲ. ಸುಮ್ನೆ ಮಾತು ನಿಂತೋಯ್ತಂತೆ."

"ನಾ ಆ ಕಡೆ ಸರೀಲೇನವಾ?" ಪಾರವ್ವ ಕೇಳಿದಳು.

"ಬೇಡ ಆಂಟಿ," ಇಬ್ಬರೂ ಒಟ್ಟಿಗೆ ಅಂದರು.

ರಕ್ಷಾ ದನಿ ತಗ್ಗಿಸಿದಳು. "ನಮ್ಮ ರೂಮ್ ಬಿಟ್ಟು ಹೋಗ್ತಿದ್ದೀಯಂತೆ. ನಿನ್ನ ಕ್ಲಾಸಿನ ಗೋಪಿ ಹೇಳ್ದ."

"ನಾನೇ ಹೇಳೋಣ ಅಂತಿದ್ದೆ."

ಯಲಹಂಕದ ಬಸ್ ಬಂತು.

"ಬಾರೇ," ನಯನಾ ಎದ್ದಳು.

"ನೀನ್ ಹೋಗು. ನಾನು ಮುಂದಿನದಕ್ಕೆ ಬರ್ತೀನಿ."

ನಯನಾ ಒಬ್ಬಳೇ ಹತ್ತಿದಳು. ಪಾರವ್ವ ಹೋಗಬೇಕಾದದ್ದೂ ಯಲಹಂಕಕ್ಕೇ. ಆದರೂ ಅವಳು ರಕ್ಷಾಳ ಪಕ್ಕದಿಂದ ಏಳಲಿಲ್ಲ.