ಹದಿನಾರು ಪರ್ಸೆಂಟಿನ ಲೆನ್ಸು

ನಗು, ಪೂರ್ತಿ ನಗು. ನಕ್ಕು ಮುಗಿದ ಮೇಲೆ ಹೇಳ್ತೀನಿ... ಆಯ್ತಾ? ಈಗ ಕೇಳು ಮೈಥಿಲಿ. ಒಂದೇ ಕ್ಯಾಮೆರಾ ಲೆನ್ಸು, ಒಂದೇ ಕಾರ್ಖಾನೆ, ಒಬ್ಬನೇ ಜಪಾನಿ ಅಜ್ಜ ಒಂದೇ ಬಟ್ಟೆಯಲ್ಲಿ ಒರೆಸಿ ಡಬ್ಬಿಗೆ ತುಂಬಿದ್ದು. ಅದಕ್ಕೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಒಂದು ಬೆಲೆ, ಜರ್ಮನಿಯಲ್ಲಿ ಇನ್ನೊಂದು ಬೆಲೆ. ನಿಮ್ಮ ಯಜಮಾನರಿಗೆ ಅದು ಹೇಗೆ ನೂರಾಹತ್ತು ಯೂರೋ ಕಡಿಮೆಗೆ ಸಿಕ್ತು ಅಂತ ಪಕ್ಕದ ಬ್ಲಾಕಿನ ಅರವಿಂದ ನಿನಗೆ ಫೋನ್ ಮಾಡಿ ಕೇಳಿದನಲ್ಲ, ನನ್ನನ್ನೇ ಕೇಳಬೇಕಿತ್ತು. ನಿನಗೆ ವ್ಯಾಟ್ ಅಂದರೆ ಏನು ಗೊತ್ತು?

...ಸರಿ, ಗೊತ್ತು. ಬಿ.ಕಾಂ.ನಲ್ಲಿ ರ‍್ಯಾಂಕು. ಮರೆತಿದ್ದೆ. ಮರೆಯೋಕೆ ನೀನು ಬಿಡೋದೂ ಇಲ್ಲ.

ನೀನು ಅವರೆಕಾಳು ಹಿಚುಕ್ತಾ ಇರು, ನಾನು ಹೇಳ್ತಾ ಹೋಗ್ತೀನಿ. ಭಾನುವಾರ ಮಧ್ಯಾಹ್ನ, ಲಾಕ್‌ಡೌನು, ಆಮ್‌ಸ್ಟರ್‌ಡ್ಯಾಮಿನ ಬೈಟನ್‌ವೆಲ್ಡರ್ಟ್‌ನ ಮೂರನೇ ಮಹಡಿ. ನಮಗೆ ಬೇರೆ ಏನು ಕೆಲಸ?

ಯೂರೋಪ್ ಒಂದೇ ಮಾರುಕಟ್ಟೆ ಅಂತಾರೆ. ನಮ್ಮದು ಒಂದೇ ಕುಟುಂಬ ಅಂತ ನಮ್ಮ ದೊಡ್ಡಪ್ಪನೂ ಹೇಳ್ತಿದ್ದರು. ಕೋಣೆಗೊಂದು ಒಲೆ ಇತ್ತು. ಹಾಗೇ ಇದು. ಇಲ್ಲಿ ತೆರಿಗೆ ನೂರಕ್ಕೆ ಇಪ್ಪತ್ತೊಂದು. ಹಂಗೇರಿಯಲ್ಲಿ ಇಪ್ಪತ್ತೇಳು, ಅಲ್ಲಿ ಫೋಟೋ ತೆಗೆಯೋದಕ್ಕಿಂತ ಕೂತು ಚಿತ್ರ ಬಿಡಿಸೋದೇ ವಾಸಿ. ಜರ್ಮನಿಯವರದ್ದು ಹತ್ತೊಂಬತ್ತು. ಆದರೆ ಕೊರೋನಾ ಬಂತು, ಜನ ಜೇಬಿಗೆ ಕೈ ಹಾಕ್ತಿಲ್ಲ ಅಂತ ಹೋದ ಜುಲೈನಿಂದ ಡಿಸೆಂಬರ್ ಕೊನೆಯವರೆಗೆ ಹದಿನಾರಕ್ಕೆ ಇಳಿಸಿದರು. ಆರೇ ತಿಂಗಳು! ಇದರ ಮೇಲೆ ಲೆನ್ಸ್ ಕಂಪನಿಯವರು ಒಂದೊಂದು ದೇಶಕ್ಕೆ ಒಂದೊಂದು ರಿಯಾಯಿತಿ ಬಿಡ್ತಾರೆ. ಅಲ್ಲಿ ಅಂಗಡಿಗಳೂ ಜಾಸ್ತಿ, ಒಬ್ಬ ಇಳಿಸಿದರೆ ಎದುರಿನವನೂ ಇಳಿಸಬೇಕು. ಇಲ್ಲಿಯವನನ್ನ ಇಪ್ಪತ್ತು ಯೂರೋ ಬಿಡಪ್ಪಾ ಅಂತ ಕೇಳಿದರೆ, ಕಾಫಿ ಕುಡೀತೀರಾ ಅಂತಾನೆ. ಅದರ ಜೊತೆ ಒಂದೇ ಒಂದು ಬಿಸ್ಕತ್ತು.

ಉಳಿದ ದುಡ್ಡು ದೊಡ್ಡದಲ್ಲ ಕಣೇ. ಇದು ತತ್ವದ ಪ್ರಶ್ನೆ. ಸರ್ಕಾರ ಹದಿನಾರು ಅಂತ ಕಾನೂನು ಮಾಡಿದಾಗ ಇಪ್ಪತ್ತೊಂದು ಕೊಡೋದು ಕಾನೂನಿಗೆ ಅಗೌರವ... ನಗಬೇಡ ಅಂದೆ. ಕನ್ನಡ ಸಂಘದಲ್ಲಿ ಯಾರನ್ನ ಬೇಕಾದರೂ ಕೇಳು, ಶೇಷಾದ್ರಿ ನಿಯಮ ಮೀರಿದವನಲ್ಲ. ದೀಪಾವಳಿಗೆ ಸುರೇಶ ಒಂಬತ್ತು ಜನರನ್ನ ಊಟಕ್ಕೆ ಕರೆದಾಗ, ಇಬ್ಬರಿಗಿಂತ ಹೆಚ್ಚು ಅತಿಥಿಗಳು ಬರಬಾರದು ಅನ್ನೋ ಸರ್ಕಾರದ ಪ್ರಕಟಣೆಯನ್ನ ವಾಟ್ಸಾಪ್ ಗುಂಪಿಗೆ ಹಾಕಿದ್ದು ಯಾರು? ನಾನು. ಹೋಳಿಗೆ ಹೋಯ್ತು, ತತ್ವ ಉಳೀತು.

ಏನಂದೆ?

...ಅದು ಬೇರೆ, ಇದು ಬೇರೆ. ಲೆನ್ಸಿನ ಪಾರ್ಸಲ್ಲು ಗಡಿ ದಾಟಿ ಆಮರ್ಸ್‌ಫೋರ್ಟಿನ ನನ್ನ ಆಫೀಸಿಗೆ ಸರಿಯಾಗಿ ಬಂತು, ನಿನ್ನ ತಂಗಿಗೆ ಕಳಿಸಿದ ಪಾರ್ಸಲ್ಲು ದೇಶದ ಒಳಗೇ ಕಳೆದುಹೋಯ್ತು ಅಂದರೆ ಅದರಲ್ಲಿ ನನ್ನ ಪಾತ್ರ ಏನು? ಡಿಸೆಂಬರು. ಇಡೀ ದೇಶ ಮನೆಯಲ್ಲೇ ಕೂತು ಆರ್ಡರ್ ಮಾಡ್ತಿತ್ತು. ತಿಂಡಿ ಡಬ್ಬಿ ಕಳೀತು. ಕಳೀತವೆ.

ನನಗೂ ಬೇಜಾರಿದೆ. ಅನನ್ಯಾ ಸೆಪ್ಟೆಂಬರಿನಲ್ಲಿ ಮಾಸ್ಟ್ರಿಕ್ಟಿಗೆ ಓದೋಕೆ ಬಂದಾಗ ಅವಳ ಸೂಟ್‌ಕೇಸು ಹೊತ್ತವನು ನಾನೇ. ಡಿಸೆಂಬರಿನಲ್ಲಿ ಕೊರೋನಾ ಪಾಸಿಟಿವ್ ಬಂದು, ಮಂಚಕ್ಕೂ ಮೇಜಿಗೂ ಒಂದೇ ಹೆಜ್ಜೆ ಇರೋ ಆ ಕೋಣೆಯಲ್ಲಿ ಹತ್ತು ದಿನ ಒಬ್ಬಳೇ ಬಿದ್ದಿದ್ದಳು. ಗೊತ್ತು. ನೀನು ಹೋಗ್ತೀನಿ ಅಂದೆ, ಬಾಗಿಲ ಹೊರಗೆ ಡಬ್ಬಿ ಇಟ್ಟು, ಕಿಟಕಿಯಲ್ಲಿ ಮುಖ ನೋಡಿ ವಾಪಸ್ ಬರ್ತೀನಿ ಅಂದೆ. ನಾನು ಬೇಡ ಅಂದೆ. ಯಾಕೆ? ಅವಶ್ಯಕ ಕೆಲಸ ಇಲ್ಲದೆ ಪ್ರಯಾಣ ಮಾಡಬೇಡಿ ಅಂತ ಸರ್ಕಾರ ಹೇಳಿತ್ತು. ತಂಗಿ ಅಂತ ವಿನಾಯಿತಿ ಕೊಟ್ಟರೆ ನಾಳೆ ಸುರೇಶನ ಹೋಳಿಗೆಗೂ ಕೊಡಬೇಕಾಗುತ್ತೆ. ಡಬ್ಬಿ ಕೊಡು, ಶನಿವಾರ ಆಫೀಸಿಗೆ ಹೋಗೋ ದಾರಿಯಲ್ಲಿ ಪಾರ್ಸಲ್ ಮಾಡ್ತೀನಿ ಅಂದೆ. ಮಾಡಿದೆ.

ಅವಳು ಮೂರು ವಾರದಿಂದ ನಿನ್ನ ಫೋನ್ ಎತ್ತದೇ ಇರೋದು ಅವಳ ಹುಡುಗಾಟ. 'ಅಕ್ಕ, ಕಳಿಸಿಲ್ಲ ಅಂದರೆ ಕಳಿಸಿಲ್ಲ ಅನ್ನು, ಸುಳ್ಳು ಯಾಕೆ ಹೇಳ್ತೀಯ' ಅಂದಳಲ್ಲ, ಅದು ತಪ್ಪು. ಜ್ವರದಲ್ಲಿ ದಿನಾ ಬಾಗಿಲು ತೆಗೆದು ನೋಡ್ತಿದ್ದಳಂತೆ, ಇರಬಹುದು... ನಾನೇ ಬೇಕಾದರೆ ಅವಳ ಹತ್ತಿರ ಮಾತಾಡ್ತೀನಿ. ಯಾವತ್ತಾದರೂ.

ಪಾರ್ಸಲ್ ಕಂಪನಿಗೆ ದೂರು ಯಾಕೆ ಕೊಡಲಿಲ್ಲ ಅಂತಾನಾ? ಮಾರಾಯ್ತಿ, ಆ ಹುಡುಗರು ಮಳೆಯಲ್ಲಿ ಸೈಕಲ್ ತುಳೀತಾ ಇದ್ದಾರೆ. ಸ್ವಲ್ಪ ಕರುಣೆ ಬೇಡವಾ ಮನುಷ್ಯನಿಗೆ?

...ಹೌದು, ಟೊಮೆಟೊ ಮೆತ್ತಗಿದೆ ಅಂತ ಸೂಪರ್‌ಮಾರ್ಕೆಟ್ಟಿಗೆ ಎರಡು ಪುಟ ಬರೆದವನು ನಾನೇ. ಅದು ಟೊಮೆಟೊ.

ವಿಷಯಕ್ಕೆ ಬರೋಣ. ಅರವಿಂದ. ಅವನೂ ಅದೇ ಅಂಗಡಿ, ಅದೇ ಲೆನ್ಸು, ಅದೇ ಡಿಸೆಂಬರು, ಆದರೂ ಅವನ ಬಿಲ್ಲಿನಲ್ಲಿ ಇಪ್ಪತ್ತೊಂದು ಪರ್ಸೆಂಟು ಹಾಕಿದ್ದಾರೆ, ಯಾಕೆ ಅಂತ ತಾನೆ ನಿನ್ನ ಪ್ರಶ್ನೆ? ಒಳ್ಳೆ ಪ್ರಶ್ನೆ. ರ‍್ಯಾಂಕಿಗೆ ತಕ್ಕ ಪ್ರಶ್ನೆ. ಉತ್ತರ ಇಷ್ಟೇ, ಅರವಿಂದ ದಡ್ಡ. ಮನೆಯಲ್ಲಿ ಕೂತು ಆನ್‌ಲೈನ್‌ನಲ್ಲಿ ತರಿಸಿದ. ದೊಡ್ಡ ಅಂಗಡಿಯವರು ಗಡಿಯಾಚೆ ಪಾರ್ಸಲ್ ಕಳಿಸಿದರೆ, ಅದು ತಲುಪೋ ದೇಶದ ತೆರಿಗೆ ಹಾಕಬೇಕು. ಹಾಲೆಂಡಿಗೆ ಬರುತ್ತಾ, ಹಾಕು ಇಪ್ಪತ್ತೊಂದು. ಜರ್ಮನಿಯ ಹದಿನಾರು ಬೇಕು ಅಂದರೆ ಜರ್ಮನಿಯ ನೆಲದ ಮೇಲೆ ನಿಂತು, ಅಂಗಡಿಯ ಕೌಂಟರಿನಲ್ಲಿ ದುಡ್ಡು ಕೊಟ್ಟು, ಕೈಯಲ್ಲೇ ತಗೊಂಡು ಬರಬೇಕು. ಬೇರೆ ದಾರೀನೇ ಇಲ್ಲ. ಬ್ರಹ್ಮ ಬಂದರೂ ಪಾರ್ಸಲ್ಲಿನಲ್ಲಿ ಹದಿನಾರು...

ಯಾಕೆ ಕೈ ನಿಲ್ಲಿಸಿದೆ?

ಹಿಚುಕು.

ಏನು ಹಾಗೆ ನೋಡ್ತೀಯ? ನಾನು ಸಾಮಾನ್ಯ ನಿಯಮ ಹೇಳಿದೆ. ಎಲ್ಲ ನಿಯಮಕ್ಕೂ ಒಂದು... ನನ್ನದು ಆಫೀಸಿನ ವಿಳಾಸ. ಕಂಪನಿ ಖಾತೆ. ಅದರಲ್ಲಿ ಒಂದು ಬೇರೆ ವ್ಯವಸ್ಥೆ ಇರುತ್ತೆ, ನಿನಗೆ ಅರ್ಥ ಆಗಲ್ಲ... ಆಗುತ್ತೆ, ಸರಿ. ಹಾಗಾದರೆ ನಿಜ ಹೇಳಿಬಿಡ್ತೀನಿ. ನಮ್ಮ ಸಂಘದ ದಿವಾಕರ ತಂದುಕೊಟ್ಟ. ಅವನು ಯಾವುದೋ ಕೆಲಸಕ್ಕೆ ಜರ್ಮನಿಯ ಆಖೆನ್ನಿಗೆ ಹೋಗಿದ್ದ.

...ಅವನು ನವೆಂಬರಿನಲ್ಲೇ ಬೆಂಗಳೂರಿಗೆ ಹೋದನಾ? ಹೌದಾ. ಅವರು ಹೊರಡೋ ದಿನ ನೀನೇ ಅವನ ಹೆಂಡತಿಗೆ ಮೊಸರಿನ ಹೆಪ್ಪು ಕೊಟ್ಟು... ಅಲ್ಲ, ತಗೊಂಡೆಯಾ. ಸರಿ.

ಎಲ್ಲಿ ಹೊರಟೆ? ಮೈಥಿಲಿ, ಕೈಯೆಲ್ಲ ಅವರೆಕಾಳಿನ ಲೋಳೆ, ನನ್ನ ಬೀರು ಮುಟ್ಟಬೇಡ. ಲೆನ್ಸಿನ ಮೇಲೆ ಬೆರಳ ಗುರುತು ಬಿದ್ದರೆ ಹೋಗಲ್ಲ. ಬಿಲ್ಲು ಬೇಕಾದರೆ ನಾನೇ ತೋರಿಸ್ತೀನಿ, ಕೆಳಗಿನ ಖಾನೆಗೆ ಕೈ ಹಾಕಬೇಡ. ಅಲ್ಲಿ ಏನೂ... ಅದನ್ನ ತೆಗೀಬೇಡ ಅಂದೆ.

ಇಲ್ಲಿಗೆ ತರ್ತೀಯಾ. ಇಡು. ಮೇಜಿನ ಮೇಲೆ ಇಡು.

ಸ್ಟೀಲ್ ಡಬ್ಬಿ. ಹೌದು. ಲೆನ್ಸನ್ನ ಅದರಲ್ಲೇ ಇಡೋದು. ಗಾಳಿ ಹೋಗಲ್ಲ, ತೇವ ಹೋಗಲ್ಲ. ಮೈಸೂರಿನಲ್ಲಿ ನನ್ನ ಮೊದಲನೇ ಲೆನ್ಸಿಗೆ ಬೂಷ್ಟು ಹಿಡಿದು ಹಾಳಾಗಿತ್ತಲ್ಲ, ಆಗಿನಿಂದ ನಾನು ಹುಷಾರು. ಇಂಥ ಬಿಗಿ ಮುಚ್ಚಳ ಈ ದೇಶದಲ್ಲಿ ಯಾರು ಮಾಡ್ತಾರೆ? ಎಲ್ಲ ಇಂಡಿಯನ್ ಅಂಗಡಿಯಲ್ಲೂ ಸಿಗೋ ಡಬ್ಬಿನೇ...

ತಿರುಗಿಸಬೇಡ. ನನಗೆ ಗೊತ್ತು ಏನು ಕೆತ್ತಿದೆ ಅಂತ. 'ಚಂದ್ರಪ್ರಭಾ, 1988.' ನಿಮ್ಮಮ್ಮನ ಮದುವೆ ಪಾತ್ರೆ. ಅವರ ಕಾಲದಲ್ಲಿ ಚಮಚಕ್ಕೂ ಹೆಸರು ಕೆತ್ತಿಸ್ತಿದ್ದರಲ್ಲ, ಪಕ್ಕದ ಮನೆಯವರು ಕದೀಬಾರದು ಅಂತ.

...

ಸರಿ, ಹೇಳ್ತೀನಿ.

ಆ ಶನಿವಾರ ನನಗೆ ಆಫೀಸ್ ಇರಲಿಲ್ಲ. ಜರ್ಮನಿಯಲ್ಲಿ ಅಂಗಡಿ ಮುಚ್ಚಿಸ್ತಾರೆ ಅಂತ ಸುದ್ದಿ ಇತ್ತು, ಆ ದಿನ ಬಿಟ್ಟರೆ ಹದಿನಾರು ಪರ್ಸೆಂಟು ಮತ್ತೆ ಬರಲ್ಲ. ಡಬ್ಬಿ ಪಕ್ಕದ ಸೀಟಿನಲ್ಲೇ ಇತ್ತು ಕಣೇ, ಬೆಲ್ಟ್ ಹಾಕಿ ಕೂರಿಸಿದ್ದೆ. ಅನನ್ಯಾಳ ಬಾಗಿಲಲ್ಲೇ ಇಟ್ಟು ಮುಂದೆ ಹೋಗೋಣ ಅಂತಲೇ ಹೊರಟಿದ್ದು. ದೇವರಾಣೆ. ಗೆಲೀನ್ ಹತ್ತಿರ ರಸ್ತೆ ಒಡೆಯುತ್ತೆ. ನೇರ ಹೋದರೆ ಮಾಸ್ಟ್ರಿಕ್ಟು, ಇಪ್ಪತ್ತೇ ಕಿಲೋಮೀಟರು. ಎಡಕ್ಕೆ ಆಖೆನ್. ಅಲ್ಲಿ ಯೋಚನೆ ಬಂತು. ಅವಳ ಬಾಗಿಲಿಗೆ ಹೋದರೆ ಭಾವ ಬಂದಿದ್ದರು ಅಂತ ನಿನಗೆ ಹೇಳ್ತಾಳೆ. ನಿನ್ನನ್ನ ಬೇಡ ಅಂದವನು ನಾನು. ಎಡಕ್ಕೆ ತಿರುಗಿಸಿದೆ.

ಅಂಗಡಿ ಮುಂದೆ ಎರಡು ಗಂಟೆ ಸಾಲು. ಹೋಟೆಲ್ ಎಲ್ಲ ಮುಚ್ಚಿತ್ತು. ವಾಪಸ್ ಬಂದು ಕಾರಿನಲ್ಲಿ ಕೂತೆ, ಹಸಿವು, ಚಳಿ... ಮೊದಲು ಒಂದೇ ಚಕ್ಕುಲಿ ತಗೊಂಡೆ. ಮೇಲಿನದ್ದು ಮುರಿದಿತ್ತು, ಮುರಿದಿದ್ದನ್ನ ರೋಗಿಗೆ ಹೇಗೆ ಕೊಡೋದು? ಅಲ್ಲಿಂದ ನಿಪ್ಪಟ್ಟು. ಕೊಬ್ಬರಿ ಮಿಠಾಯಿ ಯಾವಾಗ ಮುಗೀತು ಅಂತ ನಿಜವಾಗಿಯೂ ಗೊತ್ತಿಲ್ಲ. ಹುಳಿಪುಡಿ ಮಾತ್ರ ಮುಟ್ಟಲಿಲ್ಲ. ಅದರ ಪೊಟ್ಟಣ ಕಾರಿನಲ್ಲಿ ಸ್ಟೆಪ್ನಿ ಕೆಳಗಿದೆ. ಬಿಸಾಡೋಕೆ ಮನಸ್ಸು ಬರಲಿಲ್ಲ.

ವಾಪಸ್ ಬರ್ತಾ ಮತ್ತೆ ಅದೇ ಬೋರ್ಡು ಸಿಕ್ತು. ಖಾಲಿ ಡಬ್ಬಿ ಹಿಡಿದುಕೊಂಡು ಹೋಗಿ ಏನು ಹೇಳಲಿ?

ಬೈ. ಬೈದುಬಿಡು ಮೈಥಿಲಿ. ತಡಿ, ಅರವಿಂದ ನಿನಗೆ ಫೋನ್ ಮಾಡಿದ್ದು ಯಾವತ್ತು? ಇವತ್ತಲ್ವಾ? ...ಗುರುವಾರಾನಾ? ಅಂದರೆ ಗುರುವಾರದಿಂದ ನಿನಗೆ... ಮೂರು ದಿನ ನನಗೆ ಕಾಫಿ ಮಾಡಿಕೊಟ್ಟೆ. ಇವತ್ತು ಕೂರಿಸಿಕೊಂಡು ನನ್ನ ಬಾಯಲ್ಲೇ ಲೆಕ್ಕ ಹೇಳಿಸಿದೆ.

ಲೆನ್ಸು ಯಾಕೆ ಹೊರಗೆ ತೆಗೀತಿದ್ದೀಯ? ...ಡಬ್ಬಿ ತೊಳೀತೀಯಾ. ತೊಳಿ. ಕೋಟು ಯಾಕೆ? ಕಾರಿನ ಕೀ? ಈಗ ಲಾಕ್‌ಡೌನು, ಅವಶ್ಯಕ ಕೆಲಸ ಇಲ್ಲದೆ ಯಾರೂ...

ಇಲ್ಲ. ನಾನೇನೂ ಅನ್ನಲಿಲ್ಲ. ಹೋಗು.

ಫೋನ್ ಯಾಕೆ ನನ್ನ ಮುಂದೆ ಇಟ್ಟೆ? ನನ್ನದು ಇದು, ನನ್ನ ಫೋನಿನಿಂದ ಯಾರಿಗೆ... ಅವಳು ನಿನ್ನ ಕರೆ ಎತ್ತಲ್ಲ ಅಂತಲಾ? ನನ್ನದಾದರೆ ಎತ್ತುತ್ತಾಳೆ ಅಂತಲಾ? ರಿಂಗ್ ಆಗ್ತಿದೆ. ಮೈಥಿಲಿ, ನೀನೇ ಮಾತಾಡು, ನೀನು ಹೇಳಿದರೆ ಸರಿ ಹೋಗುತ್ತೆ, ನಾನು ಹೇಗೆ ಶುರು... ಮೈಥಿಲಿ.

ಹಲೋ. ಹೌದಮ್ಮ ಅನನ್ಯಾ, ಭಾವ. ಹುಷಾರಾಗಿದ್ದೀಯಾ... ಇಲ್ಲ, ಅಕ್ಕ ಇಲ್ಲೇ ಇದ್ದಾಳೆ, ಎದುರಿಗೇ ಇದ್ದಾಳೆ. ಕೋಟು ಹಾಕಿಕೊಂಡು ನಿಂತಿದ್ದಾಳೆ. ಅವಳು ಡಬ್ಬಿ ಕಳಿಸಿದ್ದಳು ಕಣಮ್ಮ.